ಮಿಗ್ ವಿಮಾನಕ್ಕೆ ಎಷ್ಟು ಹೆಸರು?

2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ನಮ್ಮ ವಾಯುದಳದ ಮಿಗ್-21 ಯುದ್ಧವಿಮಾನಗಳು ಕೊನೆಯ ಬಾರಿಗೆ ಹಾರಿ ಇಳಿದವು. ಅರವತ್ತೆರಡು ವರ್ಷಗಳ ದುಡಿಮೆಯಿಂದ ಅವಕ್ಕೆ ನಿವೃತ್ತಿ ದೊರೆಯಿತು. ಅಂದು ನಮ್ಮ ಮನೆಗಳಲ್ಲಿಯೂ ಅದೇ ಮಾತು. ಹಿರಿಯರೊಬ್ಬರು ಅದನ್ನು 'ತ್ರಿಶೂಲ' ಎಂದರು. ಶಾಲೆಗೆ ಹೋಗುವ ಹುಡುಗರು 'ಫಿಶ್‌ಬೆಡ್' ಎಂದರು. ಮತ್ತೊಬ್ಬರು ಪತ್ರಿಕೆಯಿಂದ ತಲೆಯೆತ್ತದೆ 'ಹಾರುವ ಶವಪೆಟ್ಟಿಗೆ ಕೊನೆಗೂ ಹೋಯಿತಲ್ಲ' ಎಂದುಬಿಟ್ಟರು. ಒಂದೇ ವಿಮಾನ, ಮೂರು ಹೆಸರು. ಮೂರಕ್ಕೂ ಒಂದಕ್ಕೊಂದು ಸಂಬಂಧವೇ ಇಲ್ಲ. ಈ ಹೆಸರುಗಳನ್ನು ಇಟ್ಟವರು ಯಾರು, ಏಕೆ ಇಟ್ಟರು ಎಂದು ವಿಚಾರಿಸುತ್ತ ಹೋದಾಗ ದೊರೆತ ಸಂಗತಿಗಳನ್ನು ಓದುಗರ ಮುಂದಿಡುತ್ತಿದ್ದೇವೆ.

ಮೊದಲಿಗೆ ನಮ್ಮ ಊರಿನ ಸಂಗತಿ. ಬೀಳ್ಕೊಡುಗೆಯ ವರದಿಗಳಲ್ಲಿ ಚಂಡೀಗಢದ ಹೆಸರು ಬಂತು, ದಿಲ್ಲಿಯ ಹೆಸರು ಬಂತು. ಆದರೆ ಈ ವಿಮಾನ ಭಾರತದ ನೆಲವನ್ನು ಮೊದಲು ಮುಟ್ಟಿದ್ದು ಮುಂಬಯಿಯಲ್ಲಿ ಎಂಬುದು ನಮ್ಮಲ್ಲಿ ಬಹಳ ಜನರಿಗೆ ತಿಳಿಯದು. 1962ರಲ್ಲಿ ಭಾರತವೂ ಸೋವಿಯತ್ ಒಕ್ಕೂಟವೂ ಮಿಗ್-21ರ ಬಗ್ಗೆ ಒಪ್ಪಂದ ಮಾಡಿಕೊಂಡವು. ಮರುವರ್ಷ ಮೊದಲ ಆರು ವಿಮಾನಗಳು ಬಂದವು. ಅವು ಹಾರಿಕೊಂಡು ಬಂದದ್ದಲ್ಲ; ಬಿಡಿ ಬಿಡಿಯಾಗಿ ಪೆಟ್ಟಿಗೆಗಳಲ್ಲಿ ಕುಳಿತು, ಹಡಗೇರಿ ಮುಂಬಯಿಗೆ ಬಂದವು. ಸೋವಿಯತ್ ಇಂಜಿನಿಯರರು ಇಲ್ಲಿಯೇ ಅವನ್ನು ಜೋಡಿಸಿದರು. ಪರೀಕ್ಷೆ ಮುಗಿದ ಮೇಲೆ 1963ರ ಏಪ್ರಿಲ್ ತಿಂಗಳಲ್ಲಿ ಅವು ಚಂಡೀಗಢಕ್ಕೆ ಹಾರಿದವು. ಅಲ್ಲಿ ವಿಂಗ್ ಕಮಾಂಡರ್ ದಿಲ್‌ಬಾಗ್ ಸಿಂಗ್ ಅವರ ನೇತೃತ್ವದ 28ನೆಯ ಸ್ಕ್ವಾಡ್ರನ್ ಅವುಗಳಿಗಾಗಿ ಕಾದಿತ್ತು. ಇದೇ ದಿಲ್‌ಬಾಗ್ ಸಿಂಗ್ ಮುಂದೆ 1981ರಲ್ಲಿ ವಾಯುದಳದ ಮುಖ್ಯಸ್ಥರಾದರು. ಶಬ್ದಕ್ಕಿಂತ ವೇಗವಾಗಿ ಹಾರುವ ವಿಮಾನ ನಮ್ಮಲ್ಲಿ ಮೊದಲು ದೊರೆತದ್ದು ಈ ತಂಡಕ್ಕಾದ್ದರಿಂದ ಅದಕ್ಕೆ 'ಫಸ್ಟ್ ಸೂಪರ್‌ಸಾನಿಕ್ಸ್' ಎಂಬ ಬಿರುದು ಬಂತು.

ಮಂಗಳೂರು, ಕಾರವಾರಗಳ ಕಡೆಯಿಂದ ಹಡಗಿನಲ್ಲಿ ಬಂದು, ಟ್ರಂಕು ಹಾಸಿಗೆಗಳೊಂದಿಗೆ ಭಾವುಚಾ ಧಕ್ಕೆಯಲ್ಲಿ ಇಳಿದ ಹಿರಿಯರು ನಮ್ಮ ಅನೇಕ ಕುಟುಂಬಗಳಲ್ಲಿದ್ದರು. ಮಿಗ್ ಕೂಡ ಪೆಟ್ಟಿಗೆ ಹಿಡಿದು ಸಮುದ್ರದಿಂದಲೇ ಇಳಿದ ವಲಸೆಗಾರ ಎಂದರೆ ತಪ್ಪಾಗದು. ಊರಿನಿಂದ ಹೊರಟಾಗ ಇದ್ದ ಹೆಸರು ಬೇರೆ, ಬಂದ ಊರಿನಲ್ಲಿ ಜನ ಕರೆದ ಹೆಸರು ಬೇರೆ ಎನ್ನುವ ಅನುಭವವೂ ನಮ್ಮಂತೆಯೇ ಅದಕ್ಕಾಯಿತು.

ಹುಟ್ಟಿದ ಮನೆಯ ಹೆಸರನ್ನು ಮೊದಲು ನೋಡೋಣ. 'ಮಿಗ್' ಎನ್ನುವುದು ಇಬ್ಬರು ವಿನ್ಯಾಸಕಾರರ ಹೆಸರಿನಿಂದ ಕೂಡಿದ ಪದ: ಆರ್ತೆಮ್ ಮಿಕೊಯಾನ್ ಮತ್ತು ಮಿಖಾಯಿಲ್ ಗುರೆವಿಚ್. ಒಬ್ಬರ 'ಮಿ', ಇನ್ನೊಬ್ಬರ 'ಗ' ಎಂದು ನಾವು ತಿಳಿದಿದ್ದರೆ ಅದು ಸರಿಯಲ್ಲ. ಮೊದಲಿನದು 'ಮ', ಕೊನೆಯದು 'ಗ'. ನಡುವಿನ 'ಇ' ರಶಿಯನ್ ಭಾಷೆಯಲ್ಲಿ 'ಮತ್ತು' ಎಂಬ ಅರ್ಥದ ಪೂರ್ಣ ಪದ. ಹೀಗಾಗಿ ಇಬ್ಬರನ್ನು ಬೆಸೆಯುವ ಆ 'ಮತ್ತು' ಕೂಡ ಹೆಸರಿನೊಳಗೆ ಕುಳಿತಿದೆ. ಸ್ವಾರಸ್ಯವೆಂದರೆ ಆ ಭಾಷೆಯಲ್ಲಿ 'ಮಿಗ್' ಎಂಬ ಮಾತಿಗೆ 'ಕ್ಷಣ' ಎಂಬ ಅರ್ಥವೂ ಇದೆ. ರೆಪ್ಪೆ ಬಡಿಯುವಷ್ಟರಲ್ಲಿ ಕಣ್ಮರೆಯಾಗುವ ವಿಮಾನಕ್ಕೆ ಇದಕ್ಕಿಂತ ಒಪ್ಪುವ ಹೆಸರನ್ನು ಯೋಚಿಸಿ ಇಟ್ಟಿದ್ದರೂ ಸಿಗುತ್ತಿರಲಿಲ್ಲ.

ಉಳಿದ ರಶಿಯನ್ ವಿಮಾನಗಳದೂ ಇದೇ ರೀತಿ. ಇಲ್ಯೂಶಿನ್ ಅವರದು 'ಇಲ್', ಆಂತೊನೊವ್ ಅವರದು 'ಆನ್', ತುಪೊಲೆವ್ ಅವರದು 'ತು', ಸುಖೋಯಿ ಅವರದು 'ಸು'. ಹೆಲಿಕಾಪ್ಟರುಗಳಲ್ಲಿ ಮಿಲ್ ಅವರದು 'ಮಿ', ಕಾಮೊವ್ ಅವರದು 'ಕಾ'. ಅದರ ಮುಂದೆ ಒಂದು ಸಂಖ್ಯೆ. ಮಿಗ್ ಯುದ್ಧವಿಮಾನಗಳ ಸಂಖ್ಯೆಗಳನ್ನು ಸಾಲಾಗಿ ಬರೆದು ನೋಡಿ: 15, 17, 19, 21, 23, 25, 27, 29. ಎಲ್ಲವೂ ಬೆಸಸಂಖ್ಯೆಗಳು. ಸೋವಿಯತ್ ಪದ್ಧತಿಯಲ್ಲಿ ಯುದ್ಧವಿಮಾನಕ್ಕೆ ಬೆಸಸಂಖ್ಯೆ ಕೊಡುವುದು ರೂಢಿಯಾಗಿತ್ತು. ಇವಲ್ಲದೆ ಕಾರ್ಖಾನೆಯೊಳಗೆ ಬೇರೊಂದು ಗುಪ್ತ ಸಂಖ್ಯೆ ಇರುತ್ತಿತ್ತು. ಅದನ್ನು 'ಇಜ್ದೇಲಿಯೆ', ಎಂದರೆ 'ಮಾಡಿದ ವಸ್ತು', ಎಂದು ಕರೆಯುತ್ತಿದ್ದರು. ನಮ್ಮ ವಾಯುದಳದವರು ದಿನಬಳಕೆಯಲ್ಲಿ ಹಿಡಿದುಕೊಂಡದ್ದು ಈ ಸಂಖ್ಯೆಯನ್ನೇ. ಟೈಪ್ 77, ಟೈಪ್ 96 ಎಂದರೆ ಮಿಗ್-21ರ ಬೇರೆ ಬೇರೆ ಮಾದರಿಗಳೆಂದು ಅಲ್ಲಿ ದುಡಿದವರಿಗೆ ಕೂಡಲೇ ಅರ್ಥವಾಗುತ್ತದೆ.

ಸರಕಾರ ಕೊಟ್ಟದ್ದು ಬರೀ ಸಂಖ್ಯೆಯಾದರೆ ಜನರ ನಾಲಿಗೆ ಸುಮ್ಮನಿರುತ್ತದೆಯೆ? ಅಕ್ಷರ ಸಂಖ್ಯೆಗಳ ಹೆಸರನ್ನು ರಶಿಯದ ಸಿಪಾಯಿಗಳೂ ಮೆಕ್ಯಾನಿಕರೂ ತಮ್ಮ ಅಡುಗೆಮನೆಗೆ, ಹೊಲಕ್ಕೆ, ದನದ ಕೊಟ್ಟಿಗೆಗೆ ಎಳೆದು ತಂದರು. ಪೋ-2 ಎಂಬ ಮರ ಬಟ್ಟೆಗಳ ಸಣ್ಣ ವಿಮಾನ ಹೊಲಗಳಿಗೆ ಔಷಧ ಸಿಂಪಡಿಸುತ್ತಿತ್ತು. ಮೆಕ್ಕೆಜೋಳದ ಹೆಸರಿನಿಂದ ಅದನ್ನು 'ಕುಕುರುಜ್ನಿಕ್' ಎಂದರು. ಎರಡನೆಯ ಮಹಾಯುದ್ಧದಲ್ಲಿ ಇದೇ ಬಡ ವಿಮಾನವನ್ನೇರಿ ರಶಿಯದ ತರುಣಿಯರು ರಾತ್ರಿ ಹೊತ್ತು ಜರ್ಮನ್ ಶಿಬಿರಗಳ ಮೇಲೆ ಬಾಂಬು ಹಾಕಿದರು. ಕಂಗೆಟ್ಟ ಜರ್ಮನರು ಅವರನ್ನು 'ರಾತ್ರಿಯ ಮಾಟಗಾತಿಯರು' ಎಂದರು. ಬೈಗುಳವಾಗಿ ಹುಟ್ಟಿದ ಆ ಹೆಸರು ಇಂದು ಚರಿತ್ರೆಯ ಪುಸ್ತಕಗಳಲ್ಲಿ ಅವರ ಬಿರುದಾಗಿ ಉಳಿದಿದೆ. ಇಲ್-2 ವಿಮಾನಕ್ಕೆ ಬೆನ್ನು ಉಬ್ಬಿದ್ದರಿಂದ 'ಗೂನ' ಎಂಬ ಅಡ್ಡಹೆಸರು. ದೈತ್ಯ ಹೆಲಿಕಾಪ್ಟರ್ ಮಿ-26ಕ್ಕೆ 'ಹಸು'. ಮಿ-24ಕ್ಕೆ 'ಮೊಸಳೆ'. ಮಿಗ್-21ರ ಮುಕ್ಕೋನದ ರೆಕ್ಕೆಯನ್ನು ಕಂಡವರಿಗೆ ತಮ್ಮ ಹಳ್ಳಿಯ ಮೂರು ತಂತಿಯ ವಾದ್ಯ ನೆನಪಾಯಿತು. ಅದನ್ನು 'ಬಾಲಲೈಕಾ' ಎಂದರು. ಇವುಗಳಲ್ಲಿ ಯಾವುದೂ ಹೊಗಳಿಕೆಯ ಹೆಸರಲ್ಲ, ಆದರೆ ಯಾವುದರಲ್ಲಿಯೂ ದ್ವೇಷವಿಲ್ಲ. ಮನೆಯಲ್ಲಿ ಮಗುವನ್ನು 'ಗುಂಡ', 'ಕರಿಯ' ಎಂದು ಕರೆದ ಹಾಗೆ, ದಿನವೂ ಕೈಯಲ್ಲಿ ಮುಟ್ಟುವವರು ಇಟ್ಟ ಹೆಸರುಗಳು ಇವು.

ಇನ್ನು ಎದುರಾಳಿಗಳು ಇಟ್ಟ ಹೆಸರಿನ ಕತೆ. ಮಹಾಯುದ್ಧದಲ್ಲಿ ಜಪಾನಿನ ವಿಮಾನಗಳ ಹೆಸರುಗಳು ಅಮೆರಿಕ, ಆಸ್ಟ್ರೇಲಿಯಾದ ಸೈನಿಕರ ಬಾಯಲ್ಲಿ ನಿಲ್ಲುತ್ತಿರಲಿಲ್ಲ. 1942ರಲ್ಲಿ ಫ್ರ್ಯಾಂಕ್ ಮೆಕಾಯ್ ಎಂಬ ಅಮೆರಿಕನ್ ಅಧಿಕಾರಿ ಒಂದು ಸುಲಭ ಉಪಾಯ ಹೂಡಿದ. ಯುದ್ಧವಿಮಾನಕ್ಕೆ ಗಂಡು ಹೆಸರು, ಬಾಂಬು ವಿಮಾನಕ್ಕೆ ಹೆಣ್ಣು ಹೆಸರು. ಹೀಗೆ ಪ್ರಸಿದ್ಧ 'ಜೀರೋ' ವಿಮಾನ 'ಜೀಕ್' ಆಯಿತು, ಮತ್ತೊಂದು 'ಬೆಟ್ಟಿ' ಆಯಿತು. ಯುದ್ಧ ಮುಗಿದ ಮೇಲೆ ಶೀತಲ ಸಮರ ಆರಂಭವಾಯಿತು. ಮಾಸ್ಕೋದ ತುಶಿನೊ ಮೈದಾನದ ಪ್ರದರ್ಶನಗಳಲ್ಲಿ ಹೊಸ ಹೊಸ ವಿಮಾನಗಳು ತಲೆಯ ಮೇಲೆ ಹಾರಿ ಹೋಗುತ್ತಿದ್ದವು. ಅವುಗಳ ಹೆಸರೇನು, ಮಾಡಿದವರಾರು ಎಂಬುದನ್ನು ಸೋವಿಯತ್ ಸರಕಾರ ಹೇಳುತ್ತಿರಲಿಲ್ಲ. ಹೆಸರು ಗೊತ್ತಿಲ್ಲದ ವಸ್ತುವಿನ ಬಗ್ಗೆ ರೇಡಿಯೋದಲ್ಲಿ ಎಚ್ಚರಿಕೆ ಕೊಡುವುದು ಹೇಗೆ? ಅಮೆರಿಕ, ಬ್ರಿಟನ್, ಕೆನಡಾಗಳ ವಾಯುದಳಗಳ ಜಂಟಿ ಸಮಿತಿಯೊಂದು 1950ರ ದಶಕದಲ್ಲಿ ತಾನೇ ನಾಮಕರಣಕ್ಕೆ ಕುಳಿತಿತು. ಮುಂದೆ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳೂ ಅದಕ್ಕೆ ಸೇರಿದವು. ನೇಟೋ ರಾಷ್ಟ್ರಗಳೆಲ್ಲ ಬಳಸಿದ್ದರಿಂದ ಅವು ನೇಟೋ ಹೆಸರುಗಳೆಂದೇ ಪ್ರಸಿದ್ಧವಾದವು.

ಈ ನಾಮಕರಣಕ್ಕೆ ಪಂಚಾಂಗ ಬೇಕಿರಲಿಲ್ಲ, ಆದರೆ ನಿಯಮವಿತ್ತು. ಮೊದಲ ಅಕ್ಷರ ವಿಮಾನದ ಕೆಲಸವನ್ನು ಹೇಳಬೇಕು: ಕಾದಾಡುವ ವಿಮಾನಕ್ಕೆ ಇಂಗ್ಲಿಷಿನ ಎಫ್, ಬಾಂಬು ವಿಮಾನಕ್ಕೆ ಬಿ, ಸಾಮಾನು ಸಾಗಿಸುವುದಕ್ಕೆ ಸಿ, ಹೆಲಿಕಾಪ್ಟರಿಗೆ ಎಚ್, ಉಳಿದದ್ದಕ್ಕೆ ಎಂ. ರೆಕ್ಕೆಯ ವಿಮಾನವಾದರೆ ಇನ್ನೊಂದು ಸೂಕ್ಷ್ಮ: ಫಂಕ ತಿರುಗಿಸುವ ವಿಮಾನಕ್ಕೆ ಉಚ್ಚಾರದಲ್ಲಿ ಒಂದೇ ತುಣುಕಿನ ಪದ, ಜೆಟ್ ವಿಮಾನಕ್ಕೆ ಎರಡು ತುಣುಕಿನ ಪದ. ನಾಲ್ಕು ಫಂಕಗಳ ಆನ್-12 ಆದ್ದರಿಂದ 'ಕಬ್', ಜೆಟ್ ಇಂಜಿನ್ನಿನ ಇಲ್-76 'ಕ್ಯಾಂಡಿಡ್'. ಗದ್ದಲದ ರೇಡಿಯೋದಲ್ಲಿ 'ಫಿಶ್‌ಬೆಡ್' ಎಂದು ಕೇಳಿದೊಡನೆ ಬರುತ್ತಿರುವುದು ಜೆಟ್ ಯುದ್ಧವಿಮಾನ ಎಂದು ಪೈಲಟ್‌ಗೆ ತಿಳಿಯಬೇಕು, ಅಷ್ಟೇ ಉದ್ದೇಶ. ಪದದ ಅರ್ಥ ಏನಾದರೂ ಇರಲಿ. 'ಫಿಶ್‌ಬೆಡ್' ಎಂದರೆ ಅಕ್ಷರಶಃ ಮೀನಿನ ಹಾಸು. ಮಲ್ಪೆ, ಉಳ್ಳಾಲಗಳ ದಂಡೆಯಲ್ಲಿ ಬಿಸಿಲಿಗೆ ಹರಡಿದ ಮೀನನ್ನು ನೋಡಿ ಬೆಳೆದ ನಮ್ಮವರಿಗೆ, ಶಬ್ದವೇಗದ ಎರಡು ಪಟ್ಟು ಹಾರುವ ವಿಮಾನಕ್ಕೆ ಈ ಹೆಸರು ಕೇಳಿದರೆ ನಗು ಬಂದೀತು.

ಅರ್ಥ ಮುಖ್ಯವಲ್ಲ ಎಂದರೂ ಮನುಷ್ಯರ ಮನಸ್ಸು ಅದರಲ್ಲಿ ಇಣುಕದೆ ಇರುವುದಿಲ್ಲ. ಕೊರಿಯಾ ಯುದ್ಧದಲ್ಲಿ ಅಮೆರಿಕನ್ನರನ್ನು ಬೆಚ್ಚಿಬೀಳಿಸಿದ ಮಿಗ್-15ಕ್ಕೆ ಮೊದಲು 'ಫಾಲ್ಕನ್', ಎಂದರೆ ಗಿಡುಗ, ಎಂದು ಹೆಸರಾಗಿತ್ತು. ವೈರಿಯ ವಿಮಾನಕ್ಕೆ ಇದು ಹೊಗಳಿಕೆಯಾಯಿತೆಂದು ಅದನ್ನು ಬದಲಿಸಿ, ಸೌದೆ ಹೊರೆ ಎಂಬ ಅರ್ಥದ 'ಫಾಗಟ್' ಎಂದು ಇಟ್ಟರೆಂದು ಹೇಳುತ್ತಾರೆ. ಸಮಿತಿ ಎಡವಿದ್ದೂ ಉಂಟು. ಮಿಗ್-21ರ ಜೊತೆಜೊತೆಗೆ ಪರೀಕ್ಷೆಯಲ್ಲಿದ್ದ ಇನ್ನೊಂದು ಮಾದರಿಗೆ 'ಫೇಸ್‌ಪ್ಲೇಟ್' ಎಂದು ನಾಮಕರಣವಾಯಿತು. ಆ ವಿಮಾನ ಸೇನೆಗೆ ಸೇರಲೇ ಇಲ್ಲ. ತೊಟ್ಟಿಲಿಗೆ ಬಾರದ ಕೂಸಿಗೆ ಹೆಸರು ಮಾತ್ರ ಉಳಿಯಿತು. ಮಿಗ್-25ಕ್ಕೆ 'ಫಾಕ್ಸ್‌ಬ್ಯಾಟ್', ಎಂದರೆ ದೊಡ್ಡ ಬಾವಲಿ, ಎಂದು ಕರೆದು ಪಶ್ಚಿಮದವರು ವರ್ಷಗಟ್ಟಲೆ ಅದಕ್ಕೆ ಅಂಜಿದರು. 1976ರಲ್ಲಿ ಬೆಲೆಂಕೊ ಎಂಬ ಸೋವಿಯತ್ ಪೈಲಟ್ ಅದನ್ನು ಜಪಾನಿಗೆ ಹಾರಿಸಿಕೊಂಡು ಹೋಗಿ ಆಶ್ರಯ ಕೇಳಿದ. ಬಿಚ್ಚಿ ನೋಡಿದಾಗ ಭಾರವಾದ ಉಕ್ಕಿನ ಮೈ, ಹಳೆಯ ಕಾಲದ ರೇಡಿಯೋ ವಾಲ್ವುಗಳು ಕಂಡವು.

ಭಾರತಕ್ಕೆ ಬಂದ ಮೇಲೆ ಈ ವಿಮಾನಗಳಿಗೆ ಮತ್ತೊಂದು ನಾಮಕರಣವಾಯಿತು. ನಮ್ಮ ವಾಯುದಳ ಅದೇ ಮಿಗ್-25ಕ್ಕೆ 'ಗರುಡ' ಎಂದು ಹೆಸರಿಟ್ಟಿತು. 1981ರಿಂದ 2006ರವರೆಗೆ ಅದು ಬಹು ಎತ್ತರದಿಂದ ಚಿತ್ರ ತೆಗೆಯುವ ಕೆಲಸ ಮಾಡಿತು. ಒಬ್ಬರಿಗೆ ಬಾವಲಿ, ಇನ್ನೊಬ್ಬರಿಗೆ ವಿಷ್ಣುವಿನ ವಾಹನ! ಮಿಗ್-21ರ ಟೈಪ್ 77 'ತ್ರಿಶೂಲ'ವಾಯಿತು, ನಂತರದ ಮಾದರಿಗಳು 'ವಿಕ್ರಮ'ನಾದವು. ಮಿಗ್-23ರಲ್ಲಿ 'ವಿಜಯ', 'ರಕ್ಷಕ' ಎಂದು ಎರಡು. ಮಿಗ್-27 'ಬಹಾದೂರ್', ಮಿಗ್-29 'ಬಾಜ್'. ಆನ್-32 'ಸತಲಜ್' ನದಿಯಾಯಿತು. ಭಾರೀ ಗಾತ್ರದ ಇಲ್-76 'ಗಜರಾಜ'ನಾಯಿತು. ಗರುಡ, ತ್ರಿಶೂಲ, ವಿಕ್ರಮ, ವಿಜಯ, ಗಜರಾಜ ಎಂದರೆ ಊರಿನಲ್ಲಿರುವ ನಮ್ಮ ಅಜ್ಜಿಗೂ ಯಾರೂ ಅರ್ಥ ಹೇಳಬೇಕಾಗಿಲ್ಲ. ಉಳಿದ ಕೆಲವು ಹೆಸರುಗಳು ಪಾರಸಿ ಕಡೆಯಿಂದ ಬಂದವು. 'ಬಾಜ್' ಎಂದರೆ ಗಿಡುಗ. ಮಿಗ್-15ಕ್ಕೆ ಹೊಗಳಿಕೆಯಾದೀತೆಂದು ಪಶ್ಚಿಮದವರು ಕಿತ್ತುಕೊಂಡ ಹೆಸರು, ಬೇರೆ ಭಾಷೆಯಲ್ಲಿ ಅದೇ ವಂಶದ ಮಿಗ್-29ಕ್ಕೆ ನಮ್ಮಲ್ಲಿ ದೊರೆತಂತಾಯಿತು. ಈ ಮಿಗ್-29ಗಳು 1987ರಲ್ಲಿ ಮೊದಲು ನೆಲೆ ನಿಂತದ್ದು ನಮ್ಮ ಪಕ್ಕದ ಪುಣೆಯ ಲೋಹಗಾಂವ್‌ನಲ್ಲಿ. ಅವನ್ನು ಪಡೆದ ಎರಡು ತಂಡಗಳಲ್ಲಿ ಒಂದು, ಮುಂಬಯಿಯಿಂದ ಮಿಗ್-21ಗಳನ್ನು ಕೊಂಡೊಯ್ದ ಅದೇ 28ನೆಯ ಸ್ಕ್ವಾಡ್ರನ್.

ಹೆಲಿಕಾಪ್ಟರುಗಳ ಹೆಸರಿನಲ್ಲಿ ಇನ್ನೊಂದು ಮೋಜು ಇದೆ. ಮಿ-8 'ರಾಣಾ', ಮಿ-17 'ಪ್ರತಾಪ್', ಮಿ-25 ಮತ್ತು ಮಿ-35 'ಅಕ್ಬರ್'. 1576ರಲ್ಲಿ ಹಳದೀಘಾಟಿಯಲ್ಲಿ ರಾಣಾ ಪ್ರತಾಪನ ಸೈನ್ಯವೂ ಅಕ್ಬರನ ಸೈನ್ಯವೂ ಎದುರುಬದುರು ನಿಂತವು. ನಾಲ್ಕು ನೂರು ವರ್ಷ ಕಳೆದ ಮೇಲೆ ಇಬ್ಬರೂ ಒಂದೇ ವಾಯುದಳದ ಪಟ್ಟಿಯಲ್ಲಿ ಒಂದೇ ಧ್ವಜದಡಿ ಸೇವೆ ಸಲ್ಲಿಸಿದರು. ನಮ್ಮ ದೇಶ ಹೆಸರಿಡುವ ರೀತಿ ಇದು. ಜಗಳವಾಡಿದವರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿ ಬಡಿಸುತ್ತದೆ.

ಈ ವಿಮಾನಗಳು ಬರೀ ಕೊಂಡು ತಂದವಲ್ಲ ಎಂಬುದನ್ನೂ ಇಲ್ಲಿ ಹೇಳತಕ್ಕದ್ದು. 1964ರಲ್ಲಿ ಬೆಂಗಳೂರಿನ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಸಂಸ್ಥೆಯನ್ನೂ, ಮಿಗ್ ತಯಾರಿಕೆಗೆಂದೇ ಹಿಂದಿನ ವರ್ಷ ಹುಟ್ಟಿದ್ದ ಏರೋನಾಟಿಕ್ಸ್ ಇಂಡಿಯಾ ಸಂಸ್ಥೆಯನ್ನೂ ಕೂಡಿಸಿ ಈಗಿನ ಎಚ್.ಎ.ಎಲ್. ರೂಪುಗೊಂಡಿತು. ಇಂಜಿನ್ನು ಒಡಿಶಾದ ಕೋರಾಪುಟ್‌ನಲ್ಲಿ, ಇಲೆಕ್ಟ್ರಾನಿಕ್ ಉಪಕರಣ ಹೈದರಾಬಾದಿನಲ್ಲಿ; ವಿಮಾನದ ಮೈ ತಯಾರಾಗಿ ಎಲ್ಲವೂ ಜೋಡಣೆಯಾಗುತ್ತಿದ್ದದ್ದು ಕಸಾರಾ ಘಾಟಿ ಹತ್ತಿದರೆ ಸಿಗುವ ನಾಸಿಕದ ಓಝರ್‌ನಲ್ಲಿ. ಎಚ್.ಎ.ಎಲ್. ತಯಾರಿಸಿದ ಮಿಗ್-21ಗಳ ಸಂಖ್ಯೆ 657. ರಶಿಯದ ನೀಲನಕ್ಷೆಗೆ ಭಾರತದ ಕೈಗಳು ದುಡಿದವು. 1971ರ ಡಿಸೆಂಬರ್ 14ರಂದು ಢಾಕಾದ ಗವರ್ನರ್ ಭವನದ ಮೇಲೆ ರಾಕೆಟ್ಟು ಹಾರಿಸಿ ಪೂರ್ವ ಪಾಕಿಸ್ತಾನದ ಸರಕಾರವನ್ನು ಕಂಗೆಡಿಸಿದ್ದು ಇದೇ ಮಿಗ್-21. ಅಂದು ಮುಂದೆ ನಿಂತದ್ದು 28ನೆಯ ಸ್ಕ್ವಾಡ್ರನ್ನಿನ ವಿಂಗ್ ಕಮಾಂಡರ್ ಬಿಷ್ಣೋಯಿ. ಎರಡೇ ದಿನಗಳಲ್ಲಿ ಅಲ್ಲಿನ ಸೈನ್ಯ ಶರಣಾಯಿತು.

ಆದರೆ ಇಂದು ಜನರ ಬಾಯಲ್ಲಿ ಉಳಿದಿರುವ ಹೆಸರು ತ್ರಿಶೂಲವೂ ಅಲ್ಲ, ವಿಕ್ರಮವೂ ಅಲ್ಲ. 'ಹಾರುವ ಶವಪೆಟ್ಟಿಗೆ' ಎಂಬುದು. ನಾವು ಈ ಲೇಖನಕ್ಕೆ ಕೈ ಹಚ್ಚಿದ್ದು ನಿಜವಾಗಿ ಈ ಹೆಸರಿಗಾಗಿ. ಇದು ನಮ್ಮಲ್ಲಿ ಹುಟ್ಟಿದ್ದೂ ಅಲ್ಲ, ಮಿಗ್‌ಗಾಗಿ ಹುಟ್ಟಿದ್ದೂ ಅಲ್ಲ. 1960ರ ದಶಕದಲ್ಲಿ ಪಶ್ಚಿಮ ಜರ್ಮನಿಯ ವಾಯುದಳ ಅಮೆರಿಕದ ಎಫ್-104 ಸ್ಟಾರ್‌ಫೈಟರ್ ವಿಮಾನಗಳನ್ನು ಕೊಂಡಿತ್ತು. ಕಾಲಕ್ರಮದಲ್ಲಿ ಅವುಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ಅಪಘಾತಗಳಲ್ಲಿ ನಾಶವಾಯಿತು. 'ವಿಧವೆಯರನ್ನು ಮಾಡುವುದು', 'ಹಾರುವ ಶವಪೆಟ್ಟಿಗೆ' ಎಂದು ಅಲ್ಲಿನ ಜನ ಅದನ್ನು ಶಪಿಸಿದರು. 1971ರ ಯುದ್ಧದಲ್ಲಿ ಕಛ್ ಕೊಲ್ಲಿಯ ಮೇಲೆ ಫ್ಲೈಟ್ ಲೆಫ್ಟಿನೆಂಟ್ ಬಿ.ಬಿ. ಸೋನಿ ಅವರ ಮಿಗ್-21 ಹೊಡೆದುರುಳಿಸಿದ್ದು ಪಾಕಿಸ್ತಾನದ ಇಂಥದೇ ಒಂದು ಸ್ಟಾರ್‌ಫೈಟರನ್ನು. ಸೋತ ವಿಮಾನದ ಶಾಪ ಕೊನೆಗೆ ಗೆದ್ದ ವಿಮಾನದ ಹೆಗಲೇರಿತು.

ಹೆಸರು ಎರವಲಿನದಾದರೂ ದುಃಖ ಎರವಲಿನದಲ್ಲ. 2012ರಲ್ಲಿ ರಕ್ಷಣಾಮಂತ್ರಿ ಎ.ಕೆ. ಆಂಟನಿಯವರು ಸಂಸತ್ತಿಗೆ ಕೊಟ್ಟ ಲೆಕ್ಕ ಹೀಗಿದೆ: ಎಲ್ಲ ಬಗೆಯ ಮಿಗ್‌ಗಳೂ ಸೇರಿ 872, ಆ ವರ್ಷದ ಏಪ್ರಿಲ್‌ವರೆಗೆ ಅಪಘಾತಕ್ಕೀಡಾದವು 482. ಸತ್ತ ಪೈಲಟರು 171, ನಾಗರಿಕರು 39. ಇದನ್ನು ಓದಿ ಹಗುರವಾಗಿ ಮುಂದೆ ಹೋಗುವುದು ಯಾರಿಂದಲೂ ಸಾಧ್ಯವಿಲ್ಲ. ಹಾಗಿದ್ದರೆ 'ಶವಪೆಟ್ಟಿಗೆ' ಎಂದರೆ ತಪ್ಪೇನು ಎಂದು ಕೇಳಬಹುದು. ತಪ್ಪು ಇಲ್ಲಿದೆ: ಆ ಹೆಸರು ಎಲ್ಲ ದೋಷವನ್ನೂ ಯಂತ್ರದ ತಲೆಗೆ ಕಟ್ಟಿ, ಉಳಿದವರನ್ನು ಬಿಟ್ಟುಬಿಡುತ್ತದೆ.

ಮಿಗ್-21 ಬಹು ವೇಗದಲ್ಲಿ ನೆಲಕ್ಕಿಳಿಯುವ, ಪೈಲಟ್‌ಗೆ ಮುಂದಿನ ನೋಟ ಕಡಿಮೆಯಿರುವ, ಪಳಗಿದ ಕೈ ಬೇಡುವ ವಿಮಾನ. ಆದರೆ ನಮ್ಮ ಎಳೆಯ ಪೈಲಟರು ನಿಧಾನಗತಿಯ ತರಬೇತಿ ವಿಮಾನದಿಂದ ಇಳಿದು ಬಹುಬೇಗ ಇದನ್ನೇ ಏರಬೇಕಾಗಿತ್ತು. ಸೈಕಲ್ಲು ಕಲಿತವನನ್ನು ನೇರವಾಗಿ ಘಾಟಿಯ ಲಾರಿಗೆ ಹತ್ತಿಸಿದ ಹಾಗೆ. ನಡುವೆ ಒಂದು ಮೆಟ್ಟಿಲು ಬೇಕು, ಮುಂದುವರಿದ ಜೆಟ್ ತರಬೇತಿ ವಿಮಾನ ಬೇಕು ಎಂದು ಲಾ ಫಾಂಟೇನ್ ಸಮಿತಿ ಹೇಳಿದ್ದು 1982ರಲ್ಲಿ. ಒಪ್ಪಂದಕ್ಕೆ ಸಹಿ ಬಿದ್ದದ್ದು 2004ರಲ್ಲಿ. ಹಾಕ್ ಎಂಬ ಆ ವಿಮಾನ ಸೇವೆಗೆ ಸೇರಿದ್ದು 2008ರ ಫೆಬ್ರವರಿಯಲ್ಲಿ, ನಮ್ಮ ಕರ್ನಾಟಕದ ಬೀದರಿನಲ್ಲಿ. ಸಮಿತಿಯ ಸಲಹೆಗೂ ಬೀದರಿನ ಓಡುಹಾದಿಗೂ ನಡುವೆ ಇಪ್ಪತ್ತಾರು ವರ್ಷ. ಆ ಇಪ್ಪತ್ತಾರು ವರ್ಷಗಳಿಗೆ ಯಾವ ಪತ್ರಿಕೆಯೂ ಅಡ್ಡಹೆಸರು ಇಡಲಿಲ್ಲ. ಫೈಲು ಹೊತ್ತ ಮೇಜುಗಳಿಗೆ 'ಶವಪೆಟ್ಟಿಗೆ' ಎನ್ನಲಿಲ್ಲ.

ಇದಕ್ಕೆ ಪ್ರತಿಯಾಗಿ ಇನ್ನೊಂದು ಹೆಸರೂ ಚಲಾವಣೆಯಲ್ಲಿತ್ತು: 'ಪೈಲಟನ ತಪ್ಪು'. ಅದು ಯಂತ್ರವನ್ನು ಬಿಟ್ಟು ಸತ್ತ ಹುಡುಗನ ಮೇಲೆ ಹೊರೆ ಹಾಕುತ್ತದೆ. ಅವನು ಎದ್ದು ಬಂದು ಉತ್ತರ ಕೊಡಲಾರ. 2001ರಲ್ಲಿ ಮಿಗ್-21 ಅಪಘಾತದಲ್ಲಿ ಮಗನನ್ನು ಕಳೆದುಕೊಂಡ ಮುಂಬಯಿಯ ತಾಯಿಯೊಬ್ಬರು, ತಪ್ಪು ತನ್ನ ಮಗನದಲ್ಲ ಎಂದು ಒಪ್ಪಿಸುವುದಕ್ಕಾಗಿ ವರ್ಷಗಟ್ಟಲೆ ಹೋರಾಡಿದರು. ಅವರು ಪರಿಹಾರದ ಹಣ ಕೇಳಲಿಲ್ಲ. ಮಗನ ಹೆಸರಿಗೆ ಅಂಟಿದ ಆ ಎರಡು ಪದಗಳನ್ನು ಅಳಿಸಿರಿ ಎಂದು ಕೇಳಿದರು. ಒಂದು ಹೆಸರು ಎಷ್ಟು ಭಾರವಾಗಿರಬಲ್ಲದು ಎಂಬುದನ್ನು ಆ ತಾಯಿಗಿಂತ ಚೆನ್ನಾಗಿ ಬಲ್ಲವರು ಯಾರು?

ಮುಂಬಯಿಯ ಕನ್ನಡಿಗರಾದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಧಾರವಾಡದಿಂದ ಬಂದವನೂ ಮದ್ರಾಸಿ, ಉಡುಪಿಯಿಂದ ಬಂದವನೂ ಮದ್ರಾಸಿ, ಕಾಸರಗೋಡಿನವನೂ ಮದ್ರಾಸಿ ಎಂಬ ಕಾಲವನ್ನು ನಮ್ಮ ಹಿರಿಯರು ಕಂಡರು. ದೂರದಿಂದ ನೋಡುವವನಿಗೆ ಒಂದು ಗುರುತು ಸಾಕು. ಅವನು ನೇಟೋ ಸಮಿತಿಯ ಹಾಗೆ ಕೆಲಸ ನೋಡಿ ಹೆಸರಿಡುತ್ತಾನೆ. ಹೊಟೇಲಿನಲ್ಲಿ ಇರುವವನೆಲ್ಲ ಅಣ್ಣ, ಇಡ್ಲಿ ಮಾಡುವ ಜಾಗವೆಲ್ಲ ಉಡುಪಿ. ಅದರಲ್ಲಿ ಯಾವಾಗಲೂ ಕೇಡಿರುವುದಿಲ್ಲ, ಎಷ್ಟೋ ಸಲ ಪ್ರೀತಿಯೂ ಇರುತ್ತದೆ. ಆದರೆ ಊರಿನಲ್ಲಿ ಅಜ್ಜನ ಹೆಸರನ್ನು ಹೊತ್ತು, ರಾತ್ರಿಶಾಲೆಯ ಹಾಜರಿ ಪುಸ್ತಕದಲ್ಲಿ ಪೂರ್ಣ ಹೆಸರನ್ನು ಕನ್ನಡದಲ್ಲಿ ಬರೆಸಿದ ಆ ಹುಡುಗನನ್ನು 'ಅಣ್ಣ' ಎಂಬ ಪದ ಪೂರ್ತಿ ಹೇಳಲಾರದು. ನಾವು ಹೀಗೆ ಕರೆಸಿಕೊಂಡವರು. ಆದುದರಿಂದ ಬೇರೆಯವರನ್ನು ಕರೆಯುವಾಗ ನಾವು ಒಂದು ಗಳಿಗೆ ತಡೆದು ಯೋಚಿಸಬೇಕು.

ಬೇಸಿಗೆ ರಜೆಯಲ್ಲಿ ಕೊಂಕಣ ರೈಲಿನಲ್ಲಿ ಊರಿಗೆ ಹೋಗುವ ಕುಟುಂಬಗಳು ಒಮ್ಮೆ ಕಾರವಾರದಲ್ಲಿ ಇಳಿಯಲಿ ಎಂದು ನಮ್ಮ ಸಲಹೆ. ಅಲ್ಲಿನ ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ ರಶಿಯದಲ್ಲಿ ತಯಾರಾದ 'ಚಪಲ' ಎಂಬ ಕ್ಷಿಪಣಿ ದೋಣಿಯನ್ನು 2006ರಿಂದ ವಸ್ತುಸಂಗ್ರಹಾಲಯವಾಗಿ ಇಟ್ಟಿದ್ದಾರೆ. ಅದರ ಪಕ್ಕಕ್ಕೆ ಈಗ ನೌಕಾದಳದ ತು-142 ವಿಮಾನವೂ ಬಂದು ನಿಂತಿದೆ. ಐವತ್ತು ಮೀಟರ್ ಉದ್ದದ ರೆಕ್ಕೆ, ನಾಲ್ಕು ಇಂಜಿನ್ನು, ಪ್ರತಿ ಇಂಜಿನ್ನಿಗೆ ಎರಡು ಫಂಕ. ನೇಟೋ ಇದನ್ನು 'ಬೇರ್', ಎಂದರೆ ಕರಡಿ, ಎಂದಿತು. ನಮ್ಮ ನೌಕಾದಳ 'ಆಲ್ಬಟ್ರಾಸ್' ಎಂಬ ಕಡಲಹಕ್ಕಿಯ ಹೆಸರಿನಿಂದ ಕರೆಯಿತು. 1988ರಿಂದ 2017ರವರೆಗೆ, ಇಪ್ಪತ್ತೊಂಬತ್ತು ವರ್ಷ, ಇಂಥ ಎಂಟು ವಿಮಾನಗಳು ಹಿಂದೂ ಮಹಾಸಾಗರವನ್ನು ಕಾದವು. ಮೂವತ್ತು ಸಾವಿರ ಗಂಟೆ ಹಾರಿದರೂ ಒಂದು ಅಪಘಾತವಿಲ್ಲ. ಇದೂ ರಶಿಯದ್ದೇ ವಿಮಾನ. ಯಾವ ಪತ್ರಿಕೆಯೂ ಇದಕ್ಕೊಂದು ಮೆಚ್ಚುಗೆಯ ಅಡ್ಡಹೆಸರು ಹುಡುಕಲಿಲ್ಲ. ಮಕ್ಕಳನ್ನು ಅದರ ರೆಕ್ಕೆಯ ನೆರಳಿನಲ್ಲಿ ನಿಲ್ಲಿಸಿ ಅದರ ಎಲ್ಲ ಹೆಸರುಗಳನ್ನೂ ಹೇಳಿರಿ. ಯಾವ ಹೆಸರನ್ನು ಯಾರು ಇಟ್ಟರು ಎಂಬುದನ್ನೂ ಸೇರಿಸಿ ಹೇಳಿರಿ.

ಕೊನೆಯದಾಗಿ ಓದುಗರಲ್ಲಿ ಒಂದು ಬಿನ್ನಹ. ನಮ್ಮ ಮುಂಬಯಿ, ಠಾಣೆ, ಕಲ್ಯಾಣ, ಡೊಂಬಿವಲಿಗಳ ಕನ್ನಡ ಮನೆಗಳಲ್ಲಿ ವಾಯುದಳದಲ್ಲಿ, ನೌಕಾದಳದಲ್ಲಿ, ಗೋದಿಯಲ್ಲಿ, ನಾಸಿಕದ ಅಥವಾ ಬೆಂಗಳೂರಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು ಇರಬಹುದು. ದಿನವೂ ಕೈಯಿಂದ ಮುಟ್ಟಿದ ಯಂತ್ರಗಳನ್ನು ನೀವು ನಿಮ್ಮ ನಡುವೆ ಏನೆಂದು ಕರೆಯುತ್ತಿದ್ದಿರಿ? ರಶಿಯದವರು ಹಸು ಎಂದರು, ಗೂನ ಎಂದರು. ನಮ್ಮ ಕನ್ನಡದ, ತುಳುವಿನ, ಕೊಂಕಣಿಯ ಬಾಯಿಗಳು ಏನೆಂದವು? ಅಂಥ ಹೆಸರುಗಳು ಯಾವ ಸರಕಾರಿ ಪಟ್ಟಿಯಲ್ಲಿಯೂ ಸಿಗುವುದಿಲ್ಲ. ನಿಮ್ಮ ನೆನಪಿನಲ್ಲಿ ಮಾತ್ರ ಉಳಿದಿರುತ್ತವೆ. ನಾಲ್ಕು ಸಾಲಾದರೂ ಬರೆದು ಕಳುಹಿಸಿರಿ. ಜೊತೆಗೆ ನಿಮ್ಮೊಡನೆ ದುಡಿದು ಮರಳಿ ಬಾರದವರ ಹೆಸರುಗಳಿದ್ದರೆ ಅವನ್ನೂ, ಅಡ್ಡಹೆಸರಲ್ಲದ ಅವರ ಪೂರ್ಣ ಹೆಸರುಗಳನ್ನು, ಬರೆಯಿರಿ.